ಆಜ್ಞೆ ಒಬ್ಬರದು, ಬಾಂಬು ಇನ್ನೊಬ್ಬರದು, ಹೊಣೆ ಯಾರದು?

2009ರ ಸೆಪ್ಟೆಂಬರ್ 4. ರಮಝಾನ್ ತಿಂಗಳು, ನಡುರಾತ್ರಿ ಕಳೆದ ಹೊತ್ತು. ಉತ್ತರ ಅಫ್ಘಾನಿಸ್ತಾನದ ಕುಂದುಝ್ ನದಿಯ ಮರಳಿನಲ್ಲಿ ಎರಡು ಇಂಧನ ಟ್ಯಾಂಕರುಗಳು ಹೂತು ನಿಂತಿದ್ದವು. ತಾಲಿಬಾನಿಗಳು ಅಪಹರಿಸಿ ತಂದ ಟ್ಯಾಂಕರುಗಳವು. ಸುತ್ತಲಿನ ಹಳ್ಳಿಗರು ಇಂಧನ ತುಂಬಿಕೊಳ್ಳಲೆಂದು ಕ್ಯಾನುಗಳನ್ನು ಹಿಡಿದು ಬಂದು ಸೇರಿದ್ದರು. ಅವರಲ್ಲಿ ಮಕ್ಕಳೂ ಇದ್ದರು. ಆಗ ಆಕಾಶದಿಂದ ಎರಡು ಬಾಂಬುಗಳು ಬಿದ್ದವು. ಸತ್ತವರ ಸಂಖ್ಯೆಯ ಬಗ್ಗೆ ಇಂದಿಗೂ ಒಮ್ಮತವಿಲ್ಲ. ಸುಮಾರು ನೂರು, ಅದಕ್ಕೂ ಹೆಚ್ಚು ಎಂಬ ಲೆಕ್ಕಗಳಿವೆ.

ಬಾಂಬು ಹಾಕಿದ್ದು ಅಮೆರಿಕದ ವಿಮಾನ. ಹಾಕಿರೆಂದು ಆಜ್ಞಾಪಿಸಿದ್ದು ಜರ್ಮನಿಯ ಕರ್ನಲ್ ಗೇಯೊರ್ಗ್ ಕ್ಲೈನ್. ಇವರಿಬ್ಬರನ್ನೂ ಒಂದುಗೂಡಿಸಿದ್ದು ನ್ಯಾಟೋ ಧ್ವಜ. ವಿಮಾನ ಚಾಲಕರು ಮೊದಲು ಕೆಳಮಟ್ಟದಲ್ಲಿ ಹಾರಿ ಜನರನ್ನು ಚದುರಿಸೋಣವೆಂದು ಸೂಚಿಸಿದ್ದರು, ಕರ್ನಲ್ ಒಪ್ಪಲಿಲ್ಲ. ಆ ಸ್ಥಳದಲ್ಲಿ ಜರ್ಮನ್ ಸೈನಿಕರು ಯಾರೂ ಕಾದಾಟದಲ್ಲಿರದಿದ್ದರೂ, ಇದ್ದಾರೆಂಬಂತೆ ತಿಳಿಸಿ ವಿಮಾನಗಳನ್ನು ಕರೆಸಿಕೊಳ್ಳಲಾಗಿತ್ತು. ಹಾಗಾದರೆ ಆ ರಾತ್ರಿಯ ಹೆಣಗಳಿಗೆ ಉತ್ತರ ಹೇಳಬೇಕಾದವರು ಯಾರು? ನಾವು ಕೇಳುವ ಪ್ರಶ್ನೆ ಇದೊಂದೇ.

ಈ ಪ್ರಶ್ನೆಯ ಬೇರು ಆ ಮಿತ್ರಪಡೆಯ ರಚನೆಯಲ್ಲೇ ಇತ್ತು. 2001ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯು ಕಾಬೂಲ್ ಮತ್ತು ಅದರ ಆಸುಪಾಸಿನ ರಕ್ಷಣೆಗೆಂದು ಈ ಅಂತಾರಾಷ್ಟ್ರೀಯ ಪಡೆಗೆ ಅನುಮತಿ ನೀಡಿತು. ಮೊದಲು ಬ್ರಿಟನ್ ನೇತೃತ್ವ ವಹಿಸಿತು. 2002ರಲ್ಲಿ ತುರ್ಕಿ, 2003ರ ಆರಂಭದಲ್ಲಿ ಜರ್ಮನಿ ಮತ್ತು ನೆದರ್‌ಲೆಂಡ್ಸ್, ಅದೇ ವರ್ಷದ ಆಗಸ್ಟ್‌ನಲ್ಲಿ ನ್ಯಾಟೋ. ಇದಕ್ಕೆ ಸಮಾನಾಂತರವಾಗಿ ಅಮೆರಿಕವು ತನ್ನದೇ ಮತ್ತೊಂದು ಯುದ್ಧವನ್ನು ಅದೇ ನೆಲದಲ್ಲಿ ನಡೆಸುತ್ತಿತ್ತು. ಒಂದು ಹಂತದಲ್ಲಿ ಸುಮಾರು 50 ರಾಷ್ಟ್ರಗಳ ಸೈನಿಕರು ಅಲ್ಲಿದ್ದರು. ಎಲ್ಲಿ ಕಾದಬೇಕು, ಎಲ್ಲಿ ಕಾದಬಾರದು ಎಂಬುದಕ್ಕೆ ಅನೇಕ ರಾಷ್ಟ್ರಗಳು ತಮ್ಮ ತಮ್ಮ ಷರತ್ತುಗಳನ್ನು ಹಾಕಿದ್ದವು. ಸಹಕಾರದ ಹೆಸರಿನಲ್ಲಿ ಹೀಗೆ ಅಧಿಕಾರ ಹಂಚಿಹೋಯಿತು. ಅದರೊಂದಿಗೆ ಹೊಣೆಗಾರಿಕೆಯೂ ಚದುರಿಹೋಯಿತು.

ದಂಡನಾಯಕರೂ ಬದಲಾಗುತ್ತಲೇ ಇದ್ದರು. 2009ರ ಮೇ ತಿಂಗಳಲ್ಲಿ ಜನರಲ್ ಮೆಕೀರ್ನನ್ ಅವರನ್ನು ಅಮೆರಿಕ ತೆಗೆದುಹಾಕಿತು. ಅವರ ಸ್ಥಾನಕ್ಕೆ ಬಂದ ಮೆಕ್‌ಕ್ರಿಸ್ಟಲ್, ನಾಗರಿಕರ ಸಾವು ತಡೆಯಲು ವಾಯುದಾಳಿಗಳಿಗೆ ಕಡಿವಾಣ ಹಾಕಿ ಜುಲೈಯಲ್ಲಿ ಆದೇಶ ಹೊರಡಿಸಿದರು. ಆ ಆದೇಶದ ಶಾಯಿ ಆರುವ ಮೊದಲೇ ಕುಂದುಝ್ ಹೊತ್ತಿ ಉರಿಯಿತು. ಒಂದು ವರ್ಷ ತುಂಬುವಷ್ಟರಲ್ಲಿ ಅವರೂ ಹೋದರು. ಅವರನ್ನು ಕಳೆದದ್ದು ಅಫ್ಘನ್ನರ ಸಾವಲ್ಲ. ತಮ್ಮ ಸರಕಾರದ ಮುಖಂಡರ ಬಗ್ಗೆ ಅವರೂ ಅವರ ಆಪ್ತರೂ ಪತ್ರಿಕೆಯೊಂದರ ಮುಂದೆ ಆಡಿದ ಮಾತುಗಳು! ಪೆಟ್ರೇಯಸ್ ಬಂದರು. ಅವರ ನಂತರವೂ ಬದಲಾವಣೆ ನಿಲ್ಲಲಿಲ್ಲ.

ನ್ಯಾಯ ಕೇಳಿದವರ ಗತಿಯೇನಾಯಿತು? ನಾಗರಿಕರ ಸಾವಿನ ಮಾಹಿತಿಯನ್ನು ಮುಚ್ಚಿಟ್ಟ ವಿವಾದದಲ್ಲಿ ಜರ್ಮನಿಯ ಸಚಿವರೊಬ್ಬರು ರಾಜೀನಾಮೆ ನೀಡಿದರು ನಿಜ. ಆದರೆ ಕರ್ನಲ್ ವಿರುದ್ಧದ ತನಿಖೆಯನ್ನು 2010ರಲ್ಲಿ ಕೈಬಿಡಲಾಯಿತು. 2013ರಲ್ಲಿ ಅವರು ಬಡ್ತಿ ಪಡೆದು ಬ್ರಿಗೇಡಿಯರ್ ಜನರಲ್ ಆದರು. ಸಂತ್ರಸ್ತ ಕುಟುಂಬಗಳಿಗೆ ತಲಾ 5,000 ಡಾಲರ್ ನೀಡಿದ ಜರ್ಮನಿ, ಅದು ಕಾನೂನಿನ ಹೊಣೆಯಿಂದ ಕೊಟ್ಟದ್ದಲ್ಲ ಎಂದಿತು. ಇಬ್ಬರು ಎಳೆಯ ಮಕ್ಕಳನ್ನು ಕಳೆದುಕೊಂಡ ತಂದೆಯೊಬ್ಬರು ಜರ್ಮನಿಯ ನ್ಯಾಯಾಲಯಗಳ ಮೆಟ್ಟಿಲೇರಿದರು. 2016ರಲ್ಲಿ ಅಲ್ಲಿ ಪರಿಹಾರದ ಬೇಡಿಕೆ ಬಿದ್ದುಹೋಯಿತು. 2021ರ ಫೆಬ್ರವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವೂ ಜರ್ಮನಿಯ ತನಿಖೆಯಲ್ಲಿ ಲೋಪವಿಲ್ಲವೆಂದು ತೀರ್ಪಿತ್ತಿತು.

ಅನೇಕ ರಾಷ್ಟ್ರಗಳ ಸೇನೆಗಳನ್ನು ಒಬ್ಬನ ಅಧೀನಕ್ಕೆ ತರುವುದು ಕಷ್ಟಸಾಧ್ಯ ಎಂಬ ಸಬೂಬನ್ನು ನಾವು ಒಪ್ಪಲಾರೆವು. ಮೊದಲ ಮಹಾಯುದ್ಧದಲ್ಲಿ 1918ರ ಮಾರ್ಚ್ 21ರಂದು ಜರ್ಮನಿಯ ಭಾರೀ ದಾಳಿ ಆರಂಭವಾಯಿತು. ಮೂರೂವರೆ ವರ್ಷಗಳಿಂದ ತಮ್ಮ ತಮ್ಮ ದಾರಿ ಹಿಡಿದಿದ್ದ ಬ್ರಿಟನ್ ಮತ್ತು ಫ್ರಾನ್ಸ್, ಐದೇ ದಿನಗಳಲ್ಲಿ ದುಲಾನ್ ಪಟ್ಟಣದಲ್ಲಿ ಸಭೆ ಸೇರಿ ಎರಡೂ ಸೇನೆಗಳ ಸಮನ್ವಯವನ್ನು ಫ್ರೆಂಚ್ ಸೇನಾನಿ ಫೋಷ್‌ಗೆ ಒಪ್ಪಿಸಿದವು. ಸೋಲಿನ ಭೀತಿ ಎದುರಾದಾಗ ಒಬ್ಬ ನಾಯಕ ಸಿಗುತ್ತಾನೆ. ಅಮಾಯಕರು ಸತ್ತಾಗ ಮಾತ್ರ ಹೊಣೆ ಹೊರುವ ಒಬ್ಬನೂ ಸಿಗುವುದಿಲ್ಲ. ಇದು ಅಸಾಧ್ಯತೆಯಲ್ಲ, ಇಚ್ಛೆಯ ಅಭಾವ.

ಹೀಗೆನ್ನುವಾಗ ತಾಲಿಬಾನನ್ನು ನಾವು ದೋಷಮುಕ್ತಗೊಳಿಸುತ್ತಿಲ್ಲ. ಟ್ಯಾಂಕರುಗಳನ್ನು ಅಪಹರಿಸಿ ಹಳ್ಳಿಗರನ್ನು ಅಪಾಯಕ್ಕೆ ದೂಡಿದವರು ಅವರೇ. ಆದರೆ ಒಬ್ಬರ ಅಪರಾಧ ಇನ್ನೊಬ್ಬರ ಹೊಣೆಯನ್ನು ಅಳಿಸಲಾರದು. ಕಾನೂನು ಮತ್ತು ಮಾನವ ಹಕ್ಕುಗಳ ಹೆಸರಿನಲ್ಲಿ ಬಂದವರನ್ನು ಆ ಅಳತೆಗೋಲಿನಿಂದಲೇ ಅಳೆಯಬೇಕಲ್ಲವೇ?

2021ರ ಆಗಸ್ಟ್‌ನಲ್ಲಿ ಕೊನೆಯ ವಿಮಾನಗಳೂ ಕಾಬೂಲಿನಿಂದ ಹೊರಟವು. ಧ್ವಜಗಳು ಇಳಿದವು, ದಂಡನಾಯಕರು ನಿವೃತ್ತರಾದರು. ಕುಂದುಝ್‌ನ ಗೋರಿಗಳು ಅಲ್ಲೇ ಉಳಿದಿವೆ. ಮುಂದೆ ಎಲ್ಲಿಯೇ ಆಗಲಿ ಮಿತ್ರಪಡೆಯೊಂದಕ್ಕೆ ಭದ್ರತಾ ಮಂಡಳಿಯು ಅನುಮತಿ ನೀಡುವುದಾದರೆ, ಆಜ್ಞಾಪಿಸುವವರು ಯಾರೆಂಬುದರ ಜೊತೆಗೆ ಉತ್ತರಿಸುವವರು ಯಾರೆಂಬುದನ್ನೂ ಮೊದಲೇ ಬರೆದಿಡಲಿ. ಆ ತಂದೆ ಯಾವ ದೇಶದ ಬಾಗಿಲು ತಟ್ಟಬೇಕೆಂಬುದು ಬಾಂಬು ಬೀಳುವ ಮೊದಲೇ ತೀರ್ಮಾನವಾಗಿರಬೇಕು. ಹೊಣೆಯಿಲ್ಲದ ಅಧಿಕಾರ ಎಷ್ಟೇ ರಾಷ್ಟ್ರಗಳ ಧ್ವಜ ಹೊದ್ದು ಬಂದರೂ ಅನ್ಯಾಯವೇ.