ಕೇಳಿ ಹುಟ್ಟಿದ ಒಲವು

ಕೂಡುವ ಮುನ್ನ, ಬರಿದೆ ಕೇಳಿದ ಮಾತ್ರದಿಂದ ಹುಟ್ಟುವ ಒಲವೂ ಪೂರ್ವರಾಗವೇ ಎಂದು ನಾನು ತರಗತಿಯಲ್ಲಿ ಹೇಳುವುದುಂಟು. ಫ್ರಾನ್ಸಿನ ಕಾಲ್ಚೆಂಡಾಟಗಾರ ಕಿಲಿಯನ್ ಎಂಬಾಪೆ ಪ್ಯಾರಿಸ್ಸಿನ ತಂಡವನ್ನು ಬಿಟ್ಟು ರಿಯಲ್ ಮ್ಯಾಡ್ರಿಡ್ ಸೇರುವನೆಂಬ ವದಂತಿ ವರ್ಷಗಟ್ಟಲೆ ಹಬ್ಬಿದಾಗ ಮ್ಯಾಡ್ರಿಡ್ಡಿನ ಅಭಿಮಾನಿಗಳನ್ನು ಹಿಡಿದದ್ದು ಇದೇ. 2022ರ ಮೇ ತಿಂಗಳಲ್ಲಿ ಆತನು ಪ್ಯಾರಿಸ್ಸಿನಲ್ಲೇ ಉಳಿದನು. ಒಲವು ಮುನಿಸಾಯಿತು, ಎದುರು ಪಾಳೆಯದವರ ಗೇಲಿಗೆ ಮೇರೆಯಿಲ್ಲವಾಯಿತು.

ವಾಂಗ್ ಕಾರ್ ವಾಯ್ 2000ದಲ್ಲಿ ತೆರೆಗೆ ತಂದ ‘ಇನ್ ದ ಮೂಡ್ ಫಾರ್ ಲವ್’ ಚಿತ್ರದಲ್ಲಿ ನೆರೆಮನೆಯ ಇಬ್ಬರು ಇಕ್ಕಟ್ಟಾದ ಮೆಟ್ಟಿಲಲ್ಲಿ ಎದುರಾಗಿ ಸರಿದುಹೋಗುತ್ತಾರೆ. ಅವರು ಕೂಡರು, ಪ್ರೇಕ್ಷಕನು ಉಸಿರು ಬಿಗಿಹಿಡಿದು ಕೂರುವುದು ಅದಕ್ಕಾಗಿಯೇ. ವದಂತಿಯ ರುಚಿಯೂ ಅಂಥದು. ಆದರೆ ಆ ಇಬ್ಬರು ಕಲ್ಪಿತ ಪಾತ್ರಗಳು. ಎಂಬಾಪೆಯಾದರೋ ಕರಾರಿಗೆ ಒಳಪಟ್ಟ ದುಡಿಮೆಗಾರ. (ಸಂಬಳ ದೊಡ್ಡದೆಂಬುದು ಬೇರೆ ಮಾತು.) 2024ರಲ್ಲಿ ಕರಾರು ಮುಗಿಯಿತು, ಮ್ಯಾಡ್ರಿಡ್ಡಿಗೆ ಹೋದನು, 5.5 ಕೋಟಿ ಯೂರೋ ಸಂಬಳ ಬಾಕಿಯಿದೆಯೆಂದು ಹಳೆಯ ತಂಡದೊಡನೆ ವ್ಯಾಜ್ಯಕ್ಕಿಳಿದನು. ಕರಾರು ಮುಗಿಸಿ ಹೊರಟವನು ದ್ರೋಹಿ ಹೇಗಾದಾನು? ಆ ವರ್ಷದ ಮೇ ತಿಂಗಳಲ್ಲಿ ಪ್ಯಾರಿಸ್ಸಿನ ಅಂಗಳದ ಕೊನೆಯ ಪಂದ್ಯದಂದು, ಆ ತಂಡಕ್ಕೆ ಒಟ್ಟು 256 ಗೋಲು ಹೊಡೆದವನಿಗೆ ಚಪ್ಪಾಳೆಯ ನಡುವೆ ಮೂದಲಿಕೆಯ ಸಿಳ್ಳೆಗಳೂ ಕೇಳಿಬಂದವು.