ಗಣಿಯ ಕೆಂಪು ನೀರು: ಹೂಳು ಕೊಳ ಇದ್ದರೆ ಸಾಕೇ?

ಮಳೆಗಾಲ ಶುರುವಾದರೆ ಗಣಿ ಪಕ್ಕದ ಕೆಂಪು ಹಳ್ಳದ ವಿಡಿಯೋಗಳು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವುದು ಮಾಮೂಲು. ಜೊತೆಗಿನ ಒಕ್ಕಣೆ ‘ಇದು ವಿಷ’ ಎನ್ನುತ್ತದೆ, ಇಲ್ಲವೇ ‘ಗಣಿಯವರು ಕೊಳ ಕಟ್ಟಿದ್ದಾರೆ, ಚಿಂತೆ ಬೇಡ’ ಎನ್ನುತ್ತದೆ. ಎರಡೂ ಅವಸರದ ಮಾತು.

ಸಂಡೂರು ಕಡೆಯ ಕಬ್ಬಿಣದ ಅದಿರಿನ ಗಣಿಗಳನ್ನೇ ತೆಗೆದುಕೊಳ್ಳಿ. ಅಲ್ಲಿ ನೀರಿಗೆ ಕೆಂಪು ಕೊಡುವುದು ಕಬ್ಬಿಣದ ಆಕ್ಸೈಡ್ ಇರುವ ಮಣ್ಣು. ಬಣ್ಣ ನೋಡಿದ ಮಾತ್ರಕ್ಕೆ ವಿಷ ಎನ್ನಲಾಗದು. ಹಾಗಂತ ಹಾನಿ ಇಲ್ಲವೆಂದಲ್ಲ. ಈ ಹೂಳು ಕೆರೆಗಳನ್ನು ತುಂಬುತ್ತದೆ, ಹೊಲದ ಮೇಲೆ ಪದರವಾಗಿ ಕೂರುತ್ತದೆ. 2011ರಲ್ಲಿ ನಿಲ್ಲಿಸಿದ್ದ ಬಳ್ಳಾರಿಯ ಗಣಿಗಳನ್ನು ಮತ್ತೆ ತೆರೆಯಲು ಸುಪ್ರೀಂ ಕೋರ್ಟ್ ಪುನಶ್ಚೇತನ ಯೋಜನೆಯನ್ನು ಕಡ್ಡಾಯ ಮಾಡಿತು. ಚೆಕ್ ಡ್ಯಾಂ, ಹೂಳು ಕೊಳಗಳು ಇಂಥ ಯೋಜನೆಗಳ ಭಾಗ.

ಕೊಳದ ಕೆಲಸ ಸರಳ: ನೀರನ್ನು ನಿಧಾನ ಮಾಡಿ ಮಣ್ಣು ತಳಕ್ಕೆ ಇಳಿಯಲು ಸಮಯ ಕೊಡುವುದು. ಕಷ್ಟ ಇರುವುದು ಕಣದ ಗಾತ್ರದಲ್ಲಿ. ಕಣದ ಅಗಲ ಅರ್ಧವಾದರೆ ಇಳಿಯುವ ವೇಗ ನಾಲ್ಕನೇ ಒಂದಾಗುತ್ತದೆ. ನಿಂತ ನೀರಿನಲ್ಲಿ 0.1 ಮಿ.ಮೀ. ಮರಳಿನ ಕಣ ಒಂದು ಮೀಟರ್ ಇಳಿಯಲು ಎರಡು ನಿಮಿಷ ಸಾಕು, 0.002 ಮಿ.ಮೀ. ಜೇಡಿ ಕಣಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು. ಜೋರು ಮಳೆಯಲ್ಲಿ ನೀರು ಕೊಳದಲ್ಲಿ ಮೂರು ದಿನ ಎಲ್ಲಿ ನಿಲ್ಲುತ್ತದೆ?

ಹಾಗಾಗಿ ಎಷ್ಟು ನೀರು, ಎಷ್ಟು ಬೇಗ ಬರುತ್ತದೆ ಎಂಬ ಲೆಕ್ಕವೇ ಮುಖ್ಯ. 10 ಹೆಕ್ಟೇರ್ ಮೇಲೆ 50 ಮಿ.ಮೀ. ಮಳೆ ಬಿದ್ದರೆ ಅದು 50 ಲಕ್ಷ ಲೀಟರ್. ಕಾಡಿದ್ದಾಗ ಅದರಲ್ಲಿ ಶೇ 30 ಹರಿದು ಬರುತ್ತಿತ್ತು ಎನ್ನೋಣ: 15 ಲಕ್ಷ ಲೀಟರ್. ಕಾಡು ಕಡಿದು, ಲಾರಿ ಓಡಿ ನೆಲ ಗಟ್ಟಿಯಾದ ಮೇಲೆ ಶೇ 70 ಬಂದರೆ 35 ಲಕ್ಷ. ಮಳೆ ಅಷ್ಟೇ, ಕೊಳವೂ ಅದೇ.

ಗಣಿ ಒಂದೇ ಥರ ಇರುವುದಿಲ್ಲ ಎಂಬುದನ್ನು ನಾವು ಮರೆಯುತ್ತೇವೆ. ಗುಂಡಿ ಹಿಗ್ಗುತ್ತದೆ, ತ್ಯಾಜ್ಯ ಮಣ್ಣಿನ ದಿಬ್ಬ ಏರುತ್ತದೆ, ಹೊಸ ರಸ್ತೆ ನೀರನ್ನು ಬೇರೆ ಕಡೆ ತಿರುಗಿಸುತ್ತದೆ. ಕೊಳವೂ ಹೂಳಿನಿಂದ ಚಿಕ್ಕದಾಗುತ್ತಾ ಹೋಗುತ್ತದೆ. ಪರವಾನಗಿ ಪಡೆಯುವಾಗ ಕಂಪ್ಯೂಟರಿನಲ್ಲಿ ಮಾಡಿದ ಮಾದರಿ ಐದು ವರ್ಷದ ನಂತರ ಇಲ್ಲದ ಗಣಿಯ ಚಿತ್ರವಾಗಿರುತ್ತದೆ. ನನ್ನ ಪ್ರಕಾರ ಕೊಳದ ಫೋಟೋಗಿಂತ ಆ ಲೆಕ್ಕದ ಮೇಲಿನ ತಾರೀಖು ಹೆಚ್ಚು ಹೇಳುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ‘ಹತ್ತು ವರ್ಷದ ಮಳೆ’ಯ ಬಗ್ಗೆ. ಅಮೆರಿಕದ ಕಲ್ಲಿದ್ದಲು ಗಣಿ ನಿಯಮಗಳಲ್ಲೂ ಹೂಳು ಕೊಳಕ್ಕೆ ಇದೇ ಅಳತೆಗೋಲು. ಅಂಥ ಮಳೆ ಹತ್ತು ವರ್ಷಕ್ಕೊಮ್ಮೆ ಸರದಿಯಂತೆ ಬರುವುದಿಲ್ಲ. ಪ್ರತಿ ವರ್ಷವೂ ಅದು ಬರುವ ಸಾಧ್ಯತೆ ಶೇ 10. ಗಣಿ 20 ವರ್ಷ ನಡೆದರೆ ಒಮ್ಮೆಯಾದರೂ ಎದುರಾಗುವ ಸಾಧ್ಯತೆ ಸುಮಾರು ಶೇ 88.

ನಿಮ್ಮೂರ ಹಳ್ಳದ ನೀರನ್ನು ಪಾರದರ್ಶಕ ಬಾಟಲಿಯಲ್ಲಿ ತುಂಬಿ, ಅಲುಗಾಡಿಸದೆ ಒಂದು ರಾತ್ರಿ ಇಟ್ಟು ನೋಡಿ. ಬೆಳಿಗ್ಗೆಯೂ ಕೆಂಪಾಗೇ ಇದ್ದರೆ ಅದರಲ್ಲಿರುವುದು ಬರೀ ಕೊಳಕ್ಕೆ ಬಗ್ಗದ ನುಣ್ಣನೆಯ ಜೇಡಿ; ಅದನ್ನು ಗಂಟುಗಟ್ಟಿಸಲು ಪಟಿಕದಂಥ ವಸ್ತು ಬೇಕು. ಮೇಲಿನ ನೀರು ತಿಳಿಯಾಗಿದ್ದರೂ ಕುಡಿಯಬೇಡಿ. ಕರಗಿದ ಲೋಹ, ರೋಗಾಣು ಕಣ್ಣಿಗೆ ಕಾಣುವುದಿಲ್ಲ, ಅದಕ್ಕೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.