ಟ್ಯಾಬ್ಲೆಟ್ ಕೊಳ್ಳಬಹುದೆ?

ಭದ್ರಾವತಿಯ ಗೃಹಸ್ಥರೊಬ್ಬರು ನಮ್ಮನ್ನು ಕೇಳಿರುವರು. ಅವರ ಮಗಳು ಪಿ.ಯು.ಸಿ. ವಿಜ್ಞಾನದ ವಿದ್ಯಾರ್ಥಿನಿ, ನಿತ್ಯವೂ ರೈಲಿನಲ್ಲಿ ಶಿವಮೊಗ್ಗಕ್ಕೆ ಹೋಗಿಬರುವಳು. ಕಂತಿನ ಮೇಲೆ ಟ್ಯಾಬ್ಲೆಟ್ ಕೊಂಡರೆ ಕಾಲೇಜಿನ ಶುಲ್ಕಕ್ಕೆ ಎಲ್ಲಿ ಅಡಚಣೆಯಾಗುವುದೋ ಎಂಬುದು ತಂದೆಯ ಅಂಜಿಕೆ. ಕಾಗದದ ಕಾರ್ಖಾನೆಯ ಊರಿನಿಂದಲೇ ಈ ಪ್ರಶ್ನೆ ಬಂದುದಕ್ಕೆ ನಮಗೆ ತುಸು ನಗೆಯೂ ಬಂದಿತು. ಆದರೆ 1936ರಲ್ಲಿ ಹುಟ್ಟಿದ ಆ ಕಾರ್ಖಾನೆಯ ಯಂತ್ರಗಳು ನಿಂತು ವರುಷಗಳೇ ಆದುವು.

ಅಗ್ಗದ ಬೆಲೆಗೆ ಮರುಳಾಗಬಾರದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ವಾಂಸರು ಜನಸಾಮಾನ್ಯರಿಗಾಗಿ ಕಲ್ಪಿಸಿದ ‘ಸಿಂಪ್ಯೂಟರ್’ 2004ರಲ್ಲಿ ಮಾರಾಟಕ್ಕೆ ಬಂದಾಗ ಬೆಲೆ ಹತ್ತುಸಾವಿರ ರೂಪಾಯಿಗಳ ಹತ್ತಿರವಿದ್ದಿತು. ಬಡವರ ಕೈಗೆ ಎಟುಕಲಿಲ್ಲ. 2011ರಲ್ಲಿ ಕೇಂದ್ರ ಸರ್ಕಾರವು ವಿದ್ಯಾರ್ಥಿಗಳಿಗೆಂದು ಹೊರತಂದ ‘ಆಕಾಶ್’ ಅಗ್ಗವೇನೋ ಹೌದು. ಆದರೆ ಪರದೆಯನ್ನು ಬಲವಾಗಿ ಒತ್ತಬೇಕು, ಬ್ಯಾಟರಿಯು ಸುಮಾರು ಮೂರು ಗಂಟೆಗಳಿಗೆ ಮುಗಿಯುವುದು. ಒಂದು ಬೆಲೆಯಲ್ಲಿ ಸೋತಿತು, ಇನ್ನೊಂದು ಕೆಲಸದಲ್ಲಿ.

ಯಂತ್ರದ ಬೆಲೆಗೆ ಹೊದಿಕೆಯನ್ನೂ ತಿಂಗಳ ಇಂಟರ್ನೆಟ್ ಖರ್ಚನ್ನೂ ಕೂಡಿಸಿ ಲೆಕ್ಕ ನೋಡಬೇಕು. ಗಾಜು ಒಡೆದರೆ ಶಿವಮೊಗ್ಗದಲ್ಲಿಯೇ ಸರಿಪಡಿಸುವರೋ, ಬೆಂಗಳೂರಿಗೆ ಕಳುಹಬೇಕೋ ಎಂಬುದನ್ನು ಹಣ ಕೊಡುವ ಮುನ್ನವೇ ಕೇಳಿ ತಿಳಿಯುವುದು ಲೇಸು. ಪುಟಗಟ್ಟಲೆ ಬರೆಯುವವರಿಗೆ ಇದು ಒದಗದು. ಓದುವುದಕ್ಕೂ ಪಾಠ ಕೇಳುವುದಕ್ಕೂ ಫೋನಿಗಿಂತ ಕಣ್ಣಿಗೆ ಹಿತ. ಎನ್.ಸಿ.ಇ.ಆರ್.ಟಿ. ಪಠ್ಯಗಳು ಉಚಿತವಾಗಿಯೇ ದೊರೆಯುವುವು. ಒಮ್ಮೆ ಇಳಿಸಿಕೊಂಡರೆ ರೈಲಿನಲ್ಲಿ ಇಂಟರ್ನೆಟ್ಟಿನ ಹಂಗಿಲ್ಲ.

ಮೊದಲು ಒಂದು ತಿಂಗಳು ಮನೆಯ ಫೋನಿನಲ್ಲಿಯೇ ಓದಲಿ. ಅಕ್ಷರ ಕಾಣದೆಂದು ಮಗಳೇ ಹೇಳಿದರೆ, ಶುಲ್ಕ ಕಟ್ಟಿದ ಬಳಿಕ, ಕಂತಿಲ್ಲದೆ ಕೊಳ್ಳಬಹುದು.